ಪುರಸಭೆಯ ಬಾಗಿಲಿಗೆ ಹಚ್ಚಿದ ಹೆಸರು

ಬೆಲ್-ಅಬ್ಬೆಸ್‌ನಲ್ಲಿ ಗಂಡಸಿನ ಹೆಸರು ಕೇಳಬಹುದು, ಅದು ನಿಜವಾದ ಹೆಸರೇ ಎಂದು ಮಾತ್ರ ಕೇಳಬಾರದು. ಫ್ರಾನ್ಸಿನ ಪರದೇಶಿಗಳ ಪಡೆ, ಅದೇ ನಮ್ಮ ಲೀಜನ್, ಈ ಊರಲ್ಲಿ ಬೀಡುಬಿಟ್ಟಾಗಿನಿಂದ ನಡೆದುಬಂದ ರೀತಿ ಇದು. ಯಾವನೋ ಎಲ್ಲಿಂದಲೋ ಬಂದು ಬ್ಯಾರಕ್ಕಿನ ಗೇಟು ತಟ್ಟುತ್ತಾನೆ. ಒಳಗೆ ಹೋದವನಿಗೆ ಹೊಸ ಹೆಸರು, ಹೊಸ ಊರು, ಹೊಸ ಹುಟ್ಟಿದ ದಿನ ಕೊಡುತ್ತಾರೆ. ಹಿಂದೆ ಅವನು ರಾಜನೋ ಕಳ್ಳನೋ, ಹೆಂಡತಿಯನ್ನು ಬಿಟ್ಟು ಬಂದವನೋ ಕೊಂದು ಬಂದವನೋ, ಯಾರೂ ಕೆದಕುವ ಹಾಗಿಲ್ಲ. ಊರಿಗೆ ಊರೇ ಇದನ್ನು ದೊಡ್ಡ ಸಂಪ್ರದಾಯವೆಂದು ಹೊತ್ತು ಮೆರೆಸುತ್ತದೆ. ನನ್ನನ್ನು ಕೇಳಿದರೆ, ಅದು ಕಳ್ಳರಿಗೆ ಹೊದಿಸಿದ ಕಂಬಳಿ.

ನಾನು ಕಸಿಲ್ದಾ, ಹೊಲಿಗೆಯವಳು. ಬ್ಯಾರಕ್ಕಿನ ಹಿಂದಿನ ಗೋಡೆಗೆ ಎದುರಾಗಿ ನನ್ನ ಅಂಗಡಿ. ಭುಜದ ಮೇಲಿನ ಹಸಿರು-ಕೆಂಪು ಕುಚ್ಚು ಹೊಲಿಯುವುದು, ಷರಟಿನ ನೆರಿಗೆಗಳನ್ನು ಕತ್ತಿಯ ಅಲಗಿನಂತೆ ಇಸ್ತ್ರಿ ಮಾಡುವುದು, ಸತ್ತವನ ಪ್ಯಾಂಟನ್ನು ಬದುಕಿದ್ದವನಿಗೆ ಚಿಕ್ಕದು ಮಾಡಿಕೊಡುವುದು, ಇದೇ ನನ್ನ ಅನ್ನ. ಬಂದ ಗಿರಾಕಿಗಳಲ್ಲಿ ಒಬ್ಬನ ಮಾತನ್ನೂ ನಾನು ಪೂರ್ತಿ ನಂಬಿದವಳಲ್ಲ. ಇಂಥ ನನಗೆ ಒಬ್ಬಳೇ ಮಗಳು, ಆಂಪಾರೊ. ಅವಳು ಅಲ್ಲಿ ಇಲ್ಲಿ ಹುಡುಕದೆ, ಇಸ್ತ್ರಿ ಮೇಜಿನ ಆಚೆ ನಿಂತಿದ್ದ ಒಬ್ಬ ಕಾರ್ಪೊರಲ್‌ನನ್ನೇ ಆರಿಸಿಕೊಂಡಳು.

ಬ್ರೂನೊ ಸೀಬರ್ ಅಂತ ಅವನ ಹೆಸರು. ಸ್ವಿಟ್ಜರ್ಲೆಂಡಿನವನಂತೆ. ಕಪ್ಪು ಕೂದಲು, ಬಿಸಿಲುಂಡ ಚರ್ಮ. ಸ್ವಿಟ್ಜರ್ಲೆಂಡಿನಲ್ಲಿ ಹಿಮ ಬೀಳುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದರು, ಇವನನ್ನು ನೋಡಿದರೆ ಅಲ್ಲಿ ಖರ್ಜೂರ ಬೆಳೆಯುತ್ತಾರೋ ಏನೋ. ಆಂಪಾರೊಗೆ ಆಗ ಹತ್ತೊಂಬತ್ತು. ಇಪ್ಪತ್ತೊಂದು ತುಂಬುವ ತನಕ ತಾಯಿಯ ಸಹಿ ಇಲ್ಲದೆ ಪುರಸಭೆಯವರು ಮದುವೆ ಮಾಡಿಸುವುದಿಲ್ಲ. ಜೂನ್‌ನಲ್ಲಿ ಅವನ ಕಂಪನಿ ಹಡಗು ಹತ್ತಿ ಇಂಡೋಚೀನಾದ ಯುದ್ಧಕ್ಕೆ ಹೊರಡುವುದಿತ್ತು. ಅಷ್ಟರೊಳಗೆ ಮದುವೆ ಆಗಲೇಬೇಕೆಂದು ಅವಳು ಹಟ ಹಿಡಿದಳು. ನನ್ನ ಒಂದು ಸಹಿಯ ಮೇಲೆ ಎಲ್ಲ ನಿಂತಿತ್ತು, ಆ ಸಹಿ ನನ್ನ ಕೈಯಿಂದ ಹೊರಡುತ್ತಿರಲಿಲ್ಲ.

ಕಾರಣ ಇತ್ತು. ಫೆಬ್ರವರಿಯಲ್ಲಿ ಅಂಗಿಯ ಕಂಕುಳು ಬಿಗಿಯಾಗಿದೆ ಎಂದು ಅವನು ಬಂದ. ಟೇಪು ಸುತ್ತಬೇಕು, ಎಡಗೈ ಎತ್ತಿ ಎಂದೆ. ಬಲಗೈ ಎತ್ತಿದ. ಅದಲ್ಲ, ಎಡಗೈ ಎಂದೆ. ಎತ್ತಲೋ ಬೇಡವೋ ಎಂಬಂತೆ ಎತ್ತಿದ. ತೋಳಿಲ್ಲದ ಬನಿಯನ್ ಹಾಕಿದ್ದ. ತೋಳಿನ ಒಳಮಗ್ಗುಲಲ್ಲಿ ಹೆಬ್ಬೆಟ್ಟಿನಗಲ ಚರ್ಮ ಸುಟ್ಟು ಮುದುಡಿತ್ತು.

"ಇದೇನು ಕಾರ್ಪೊರಲ್ ಸಾಹೇಬರೇ?" ಎಂದು ಫ್ರೆಂಚಿನಲ್ಲಿ ಕೇಳಿದೆ.

"ಚಿಕ್ಕಂದಿನಲ್ಲಿ ಕುರು ಎದ್ದಿತ್ತು ಮದಾಮ್."

ಕುರು ಎದ್ದು ಆರಿದ ಗಾಯ ನನಗೆ ಗೊತ್ತಿಲ್ಲವೇ? ಯುದ್ಧ ಮುಗಿದ ಮೇಲೆ ಜರ್ಮನ್ನರು ಸಾಲುಗಟ್ಟಿ ಬಂದು ಲೀಜನ್ ಸೇರಿದಾಗ ಡಾಕ್ಟರು ಮೊದಲು ಎತ್ತಿಸುತ್ತಿದ್ದುದು ಎಡಗೈಯನ್ನೇ. ಹಿಟ್ಲರನ ಆಯ್ದ ಪಡೆಯವರು ತಮ್ಮ ರಕ್ತದ ಗುಂಪಿನ ಅಕ್ಷರವನ್ನು ಅಲ್ಲಿ ಹಚ್ಚೆ ಹಾಕಿಸಿಕೊಂಡಿರುತ್ತಿದ್ದರು. ಬುದ್ಧಿವಂತರು ಅದನ್ನು ಸುಟ್ಟುಕೊಂಡು ಬಂದರು. ಇದು ಈ ಬೀದಿಯ ಪ್ರತಿ ದರ್ಜಿಗೂ ಗೊತ್ತು. ಅವತ್ತು ಅಳತೆ ತಪ್ಪಿ ಬರೆದುಕೊಂಡೆ.

ನನ್ನ ಗಂಡ ಫೆರ್ಮಿನ್‌ನನ್ನು ಕೊಂದದ್ದು ಆ ಹಚ್ಚೆಯವರು. ಸ್ಪೇನಿನ ಅಲಿಕಾಂತೆಯಿಂದ ಕೊನೆಯ ಹಡಗಿನಲ್ಲಿ ನಾವು ಮೂವರೂ ಸಮುದ್ರದ ಈಚೆ ಫ್ರೆಂಚರ ಆಳ್ವಿಕೆಯ ಓರಾನ್ ಬಂದರಿಗೆ ಬಂದು ಬಿದ್ದಿದ್ದೆವು, ಫ್ರಾಂಕೊನ ಸೈನ್ಯದೆದುರು ನಮ್ಮ ಗಣರಾಜ್ಯ ಸೋತುಹೋಗಿತ್ತು. ಹಿಟ್ಲರನೊಡನೆ ಯುದ್ಧ ಶುರುವಾದಾಗ ಫ್ರಾನ್ಸಿನವರು ಪರದೇಶಿ ಸ್ವಯಂಸೇವಕರದೇ ಒಂದು ರೆಜಿಮೆಂಟು ಕಟ್ಟಿದರು. ಸ್ಪೇನಿನವರು, ಪೋಲೆಂಡಿನ ಯಹೂದಿಗಳು, ದೇಶ ಕಳೆದುಕೊಂಡವರೆಲ್ಲ ಸೇರಿದರು. ಕೊಟ್ಟದ್ದು ಹಳೆಯ ಬಂದೂಕು. ಚೀಲಕ್ಕೆ ಪಟ್ಟಿಯಿಲ್ಲ, ಹುರಿಹಗ್ಗದಲ್ಲಿ ಬೆನ್ನಿಗೆ ಕಟ್ಟಿಕೊಳ್ಳಬೇಕು. ಜನ ಅವರನ್ನು ಹಗ್ಗದ ರೆಜಿಮೆಂಟು ಎಂದು ಆಡಿಕೊಂಡರು. ಹಗ್ಗ ಕಟ್ಟಿಕೊಂಡೇ ಅವರು ಮೂರು ದಿನ ಒಂದು ಹಳ್ಳಿಯನ್ನು ಹಿಡಿದು ನಿಂತರು. ಸಿಕ್ಕಿಬಿದ್ದ ಸ್ಪೇನಿನವರನ್ನು ಜರ್ಮನ್ನರು ಆ ಹಚ್ಚೆಯವರ ಕಾವಲಿನಲ್ಲಿದ್ದ ಡ್ಯಾನ್ಯೂಬ್ ದಂಡೆಯ ಕಲ್ಲುಗಣಿಗೆ ಕಳಿಸಿದರು. ಫೆರ್ಮಿನ್ ಅಲ್ಲಿ ಒಂದು ಚಳಿಗಾಲ ಬದುಕಿದ್ದ.

ಹೀಗಿರುವಾಗ ನಾನು ಅಂಥವನ ಕೈಗೆ ಮಗಳನ್ನು ಕೊಡಬೇಕೇ?

ಕ್ಷೌರಿಕ ಎವಾರಿಸ್ತೊನ ಬಳಿ ಹೋದೆ. ಅವನು ಅಲಿಕಾಂತೆ ಪಕ್ಕದ ಎಲ್ಚೆಯವನು, ನಮ್ಮ ಕಡೆಯವನೇ. ಏಳು ವರ್ಷ ಫ್ರಾಂಕೊನ ಜೈಲಿನಲ್ಲಿದ್ದು, ಬಿಡುಗಡೆಯಾದ ಮೇಲೆ ಮೀನಿನ ದೋಣಿಯಲ್ಲಿ ಅಡಗಿ ಈ ದಡ ಸೇರಿದವನು. ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೇ ನನ್ನ ಮಾತು ಕೇಳಿಸಿಕೊಂಡ.

"ಯಾರ ಕಂಕುಳಲ್ಲಿ ಏನಿದೆ ಅಂತ ಹುಡುಕ್ತಾ ಕೂತ್ರೆ ನಿನ್ನ ಅಂಗಡಿಗೆ ನೊಣಾನೂ ಬರಲ್ಲ ಕಸಿಲ್ದಾ."

"ತಮಾಷೆ ಬೇಡ. ಮಗಳ ವಿಷಯ."

"ಹಂಗಾದ್ರೆ ಸಹಿ ಹಾಕ್ಬೇಡ. ಮುಗೀತಲ್ಲ."

"ಹಾಕ್ದಿದ್ರೆ ಅವನ ಹಿಂದೆ ಓಡಿಹೋಗ್ತಾಳೆ. ಯಾರ ಮಗಳು ಅವಳು?"

"ಫೆರ್ಮಿನ್ ಮಗಳು. ಹಟ ಮಾತ್ರ ನಿಂದು." ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜಿದ. "ನಂಗೂ ಒಂದು ಅನುಮಾನ ಇದೆ. ಎಲ್ಲಾ ಕಾರ್ಪೊರಲ್‌ಗಳೂ ನನ್ ಹತ್ರ ತಲೆ ಕೊಡ್ತಾರೆ. ಇವನು ಮಾತ್ರ ನನ್ನ ಅಂಗಡಿ ಬಂತು ಅಂದ್ರೆ ರಸ್ತೆ ದಾಟಿ ಆ ಕಡೆ ಹೋಗ್ತಾನೆ. ಸ್ವಿಸ್ ತಲೆಗೆ ಎಲ್ಚೆ ಕತ್ತರಿ ಒಗ್ಗಲ್ವೇನೋ."

"ನೋಡಿದ್ಯಾ?"

"ಒಂದು ಕೆಲ್ಸ ಮಾಡು. ಅರ್ಜಿ ಹಾಕಿದ್ದಾನಾ ಕೇಳು. ಲೀಜನ್ ಕೊಟ್ಟ ಹೆಸರಲ್ಲಿ ಯುದ್ಧ ಮಾಡ್ಬೋದು, ಸಾಯ್ಬೋದು, ಮದುವೆ ಆಗೋಕಾಗಲ್ಲ. ಅದು ಅವರ ಕಾನೂನು. ಮದುವೆ ಬೇಕು ಅಂದ್ರೆ ಕರ್ನಲ್ ಮುಂದೆ ನಿಂತು ನಿಜವಾದ ಹೆಸರು ವಾಪಸ್ ತಗೋಬೇಕು. ಆಮೇಲೆ ಪುರಸಭೆ ಬಾಗಿಲ ಮೇಲೆ ಹಚ್ತಾರೆ, ಹೆಸರು, ಹುಟ್ಟಿದ ಊರು, ಅಪ್ಪನ ಹೆಸರು ಎಲ್ಲ. ಊರೆಲ್ಲ ಓದುತ್ತೆ. ಬಚ್ಚಿಡೋಕೆ ಇರೋನು ಅದಕ್ಕೆ ಕೈ ಹಾಕಲ್ಲ."

ಮನೆಗೆ ಬಂದು ಆಂಪಾರೊಳನ್ನು ಕೇಳಿದೆ. "ಹಾಕ್ತಾನೆ ಅಮ್ಮ," ಎಂದಳು, ಸೂಜಿಗೆ ದಾರ ಪೋಣಿಸುತ್ತ. ಯಾವಾಗ ಎಂದೆ. "ಹಾಕ್ತಾನೆ ಅಂದ್ನಲ್ಲ." ನನ್ನ ಮುಖ ನೋಡಲಿಲ್ಲ. ಆ ಸೂಜಿಯ ಕಣ್ಣು ಅವಳಿಗೆ ಅಷ್ಟು ಹೊತ್ತು ಸಿಗದೇ ಇದ್ದದ್ದು ನಾನು ಕಂಡಿರಲಿಲ್ಲ.

ಅಲ್ಲಿಂದ ಮುಂದೆ ನಾನು ಮೈಯೆಲ್ಲ ಕಣ್ಣಾದೆ. ಪೆರೇಡಿನ ದಿನ ಲೀಜನ್‌ನವರು ಸೊಂಟಕ್ಕೆ ಉದ್ದನೆಯ ನೀಲಿ ಪಟ್ಟಿ ಸುತ್ತಿಕೊಳ್ಳುತ್ತಾರೆ. ಒಬ್ಬನೇ ಸುತ್ತಿಕೊಳ್ಳಲು ಬರುವುದಿಲ್ಲ. ಜೊತೆಗಾರ ತುದಿಯನ್ನು ಬಿಗಿಯಾಗಿ ಹಿಡಿಯಬೇಕು, ಇವನು ಬುಗುರಿಯ ಹಾಗೆ ತಿರುಗುತ್ತ ಪಟ್ಟಿಯೊಳಗೆ ಸೇರಿಕೊಳ್ಳಬೇಕು. ನನ್ನ ಕಿಟಕಿಯಿಂದ ಬ್ಯಾರಕ್ಕಿನ ಅಂಗಳದ ಒಂದು ಮೂಲೆ ಕಾಣುತ್ತದೆ. ಎಲ್ಲರೂ ಜೋಡಿ ಜೋಡಿ, ನಗುತ್ತ ಬೈದುಕೊಳ್ಳುತ್ತ ಸುತ್ತಿಕೊಳ್ಳುತ್ತಿದ್ದರು. ಬ್ರೂನೊ ಸೀಬರ್ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಒಬ್ಬನೇ ತಿರುಗುತ್ತಿದ್ದ. ಜೊತೆಯವರೂ ಹತ್ತಿರ ಸೇರಿಸದವನು ಎಂಥವನಿರಬೇಕು ಎಂದುಕೊಂಡೆ.

ಅವನ ಎದುರಿಗೇ ನಮ್ಮ ಭಾಷೆಯಲ್ಲಿ ಅವನನ್ನು ಬೈಯುವುದು ನನಗೆ ರೂಢಿಯಾಗಿಬಿಟ್ಟಿತ್ತು. "ಬಂದ ನೋಡು, ಕತ್ತೆಮೂತಿ ಅಳಿಯ," ಎನ್ನುತ್ತಿದ್ದೆ ಆಂಪಾರೊಗೆ, ಸ್ಪ್ಯಾನಿಷಿನಲ್ಲಿ, ಮುಖದಲ್ಲಿ ನಗು ಇಟ್ಟುಕೊಂಡು. "ಕುರ್ಚಿ ಕೊಡು, ಕೂತಲ್ಲೇ ಇನ್ನೊಂದು ಸುಳ್ಳು ಹೆರಲಿ." ಒಂದು ದಿನ ಫೆರ್ಮಿನ್‌ನ ಗಣಿಯ ಕಥೆಯನ್ನು ಪಕ್ಕದ ಮನೆಯಾಕೆಗೆ ಅವನ ತಲೆಯ ಮೇಲಿಂದಲೇ ಹೇಳಿದೆ. ಆ ಹಚ್ಚೆಯವರ ವಂಶ ನಿರ್ವಂಶವಾಗಲಿ ಎಂದು ಶಾಪ ಹಾಕಿದೆ. ಅವನು ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತಿದ್ದ. ಆಂಪಾರೊ ಎದ್ದು ಒಳಗೆ ಹೋದಳು.

ಈಸ್ಟರ್ ಸೋಮವಾರ ನಮ್ಮ ಕಡೆಯವರೆಲ್ಲ ಊರಾಚೆಯ ಕೆರೆಯ ದಂಡೆಗೆ ಹೋಗಿ ಮೂನಾ ತಿನ್ನುವುದು ವಾಡಿಕೆ. ಮೂನಾ ಎಂದರೆ ಸಿಹಿ ಬ್ರೆಡ್ಡು, ಮೇಲೆ ಸಿಪ್ಪೆ ಸಮೇತ ಇಡೀ ಮೊಟ್ಟೆ ಹೂತು ಬೇಯಿಸಿದ್ದು. ಆಂಪಾರೊ ಹಟ ಮಾಡಿ ಅವನನ್ನೂ ಕರೆದಳು. ನಾನು ಮರದ ಬುಡದಲ್ಲಿ ಬಟ್ಟೆ ಹಾಸಿ ಆಲಿವ್, ಮೆಣಸಿನಕಾಯಿ ರೊಟ್ಟಿ, ಮೂನಾ ಎಲ್ಲ ಬಿಚ್ಚಿಟ್ಟೆ. ಒಂದು ಗುಟುಕು ಸೋಂಪಿನ ಸಾರಾಯಿ ಅವನಿಗೂ ಕೊಟ್ಟೆ, ಬಾಯಿ ಸಡಿಲವಾದರೆ ಆಗಲಿ ಎಂದು. ಅವನು ಅವತ್ತು ಖುಷಿಯಾಗಿದ್ದ. ಆಂಪಾರೊ ಏನೋ ಚುಡಾಯಿಸಿದಳು. ಅವನು ಮೂನಾದಿಂದ ಮೊಟ್ಟೆ ಕಿತ್ತುಕೊಂಡವನೇ ಬಗ್ಗಿ ಅವಳ ಹಣೆಗೆ ಟಪ್ಪೆಂದು ಕುಟ್ಟಿ ಒಡೆದ.

ನನ್ನ ಕೈಯಲ್ಲಿದ್ದ ಚಾಕು ಕೆಳಗೆ ಬಿತ್ತು.

ಮೊಟ್ಟೆಯನ್ನು ಹಣೆಗೆ ಕುಟ್ಟಿ ಒಡೆಯುವುದು ನಮ್ಮ ಕರಾವಳಿಯ ಮಕ್ಕಳಾಟ. ಅಲಿಕಾಂತೆಯಿಂದ ವಲೆನ್ಸಿಯಾ ತನಕ, ಅಷ್ಟೇ. ಓರಾನ್ ಸೀಮೆಯ ಈ ಊರಿನವರು ಮೊಟ್ಟೆಯನ್ನು ಕಲ್ಲಿಗೆ ತಟ್ಟಿ ಸುಲಿಯುತ್ತಾರೆ. ಫೆರ್ಮಿನ್ ಹೋದ ಮೇಲೆ ನನ್ನ ಮನೆಯಲ್ಲಿ ಯಾರೂ ಯಾರ ಹಣೆಗೂ ಮೊಟ್ಟೆ ಒಡೆದಿರಲಿಲ್ಲ. ಕಲಿಸಿಕೊಟ್ಟರೆ ಬರುವ ಆಟ ಅಲ್ಲ ಅದು, ಕೈ ತಾನಾಗಿ ಮಾಡಬೇಕು. ಅವನ ಕೈ ತಾನಾಗಿ ಮಾಡಿತು, ಮಾಡಿದ ಮೇಲೆ ಅವನಿಗೇ ತಿಳಿಯಿತು. ನನ್ನ ಕಡೆ ನೋಡಿದ. ನಾನು ಚಾಕು ಎತ್ತಿಕೊಂಡು ರೊಟ್ಟಿ ಕೊಯ್ಯತೊಡಗಿದೆ.

ಸ್ವಿಸ್ಸೂ ಅಲ್ಲ, ಜರ್ಮನ್ನೂ ಅಲ್ಲ, ನಮ್ಮವನೇ. ಹಾಗಾದರೆ ನಾನು ಆಡಿದ್ದೆಲ್ಲ ಅವನ ಕಿವಿಗೆ ಹೊಕ್ಕಿದೆ, ಕತ್ತೆಮೂತಿಯಿಂದ ಹಿಡಿದು ಶಾಪದ ತನಕ. ನಾಚಿಕೆಯಾಗಲಿಲ್ಲ, ಅನುಮಾನ ಇಮ್ಮಡಿಯಾಯಿತು. ಅರ್ಧ ಊರು ಸ್ಪೇನಿನವರೇ ಇರುವ ಕಡೆ ಒಬ್ಬ ಸ್ಪೇನಿನವನು ಯಾಕೆ ಸ್ವಿಸ್ ಎಂದು ಹೇಳಿಕೊಂಡು ತಿರುಗಬೇಕು? ಎಲ್ಚೆಯ ಕ್ಷೌರಿಕನನ್ನು ಕಂಡರೆ ಯಾಕೆ ರಸ್ತೆ ದಾಟಬೇಕು? ಉತ್ತರ ನನಗೆ ಹೊಳೆಯಿತು. ಫ್ರಾಂಕೊ ಹಿಟ್ಲರನಿಗೆ ಉಡುಗೊರೆಯಾಗಿ ಒಂದು ಡಿವಿಜನ್ ಸ್ವಯಂಸೇವಕರನ್ನು ರಷ್ಯಾಕ್ಕೆ ಕಳಿಸಿದ್ದ. ನೀಲಿ ಅಂಗಿಯವರು ಎನ್ನುತ್ತಿದ್ದೆವು. ಜರ್ಮನ್ ಸಮವಸ್ತ್ರ, ಸ್ಪೇನಿನ ಬಾಯಿ. ಕೊನೆಯಲ್ಲಿ ವಾಪಸ್ ಹೋಗದೆ ಉಳಿದವರು ಹಚ್ಚೆಯ ಪಡೆಯಲ್ಲೇ ಸೇರಿಹೋದರು ಎಂದು ಕೇಳಿದ್ದೆ.

ಏಪ್ರಿಲ್ ಮೂವತ್ತು ಕಾಮೆರೋನ್ ದಿನ, ಲೀಜನ್‌ನ ದೊಡ್ಡ ಹಬ್ಬ. ಆ ದಿನ ಬ್ಯಾರಕ್ಕಿನ ಗೇಟು ಊರಿಗೆಲ್ಲ ತೆರೆದಿರುತ್ತದೆ. ಬೆಳಿಗ್ಗೆ ಅಧಿಕಾರಿಗಳೇ ಸಿಪಾಯಿಗಳ ಹಾಸಿಗೆಗೆ ಕಾಫಿ ತಂದು ಕೊಡುತ್ತಾರೆ, ವರ್ಷಕ್ಕೊಂದು ದಿನ. ಆಮೇಲೆ ಪೆರೇಡು. ಗಡ್ಡ ಬಿಟ್ಟು, ಚರ್ಮದ ಮುಂಬಟ್ಟೆ ಕಟ್ಟಿ, ಭುಜದ ಮೇಲೆ ಕೊಡಲಿ ಹೊತ್ತವರು ಮುಂದೆ, ಅವರ ಹಿಂದೆ ಬಿಳಿ ಟೋಪಿಗಳ ಸಾಲು, ಶವದ ಹಿಂದೆ ನಡೆಯುವಷ್ಟು ನಿಧಾನದ ಹೆಜ್ಜೆ. ಮೆಕ್ಸಿಕೊದ ಕಾಮೆರೋನ್‌ನಲ್ಲಿ ಅರವತ್ತು ಚಿಲ್ಲರೆ ಜನ ಎರಡು ಸಾವಿರದೆದುರು ಸಾಯುವವರೆಗೂ ಹೋರಾಡಿದ ಕಥೆಯನ್ನು ಒಬ್ಬ ಅಧಿಕಾರಿ ಗಟ್ಟಿಯಾಗಿ ಓದುತ್ತಾನೆ. ಅಲ್ಲಿ ಸತ್ತ ಕ್ಯಾಪ್ಟನ್‌ನ ಮರದ ಕೈಯನ್ನು ಪೆಟ್ಟಿಗೆಯಲ್ಲಿಟ್ಟು ದೇವರಂತೆ ತರುತ್ತಾರೆ. ಆ ಕೈ ಅವನದ್ದೇ ಎಂದು ಯಾರು ನೋಡಿದ್ದಾರೆ ಎಂದು ನನಗೆ ಪ್ರತಿವರ್ಷ ಅನಿಸುತ್ತದೆ. ಆದರೂ ಅದು ಎದುರಿಗೆ ಬಂದಾಗ ಗಂಡಸರು ಉಸಿರು ಬಿಗಿಹಿಡಿಯುತ್ತಾರೆ, ನಾನೂ ಹಿಡಿಯುತ್ತೇನೆ.

ಪೆರೇಡು ಮುಗಿದು ಅಂಗಳದಲ್ಲಿ ಆಟ, ತಿಂಡಿ, ಬ್ಯಾಂಡು ಶುರುವಾದವು. ಅಡುಗೆಮನೆಯ ಹಿಂದೆ ಪೀಪಾಯಿಯಿಂದ ವೈನು ಬಗ್ಗಿಸುತ್ತ ಅವನೊಬ್ಬನೇ ನಿಂತಿದ್ದ. ಪಕ್ಕಕ್ಕೆ ಹೋಗಿ ನಿಂತೆ. ನಮ್ಮ ಭಾಷೆಯಲ್ಲಿ, ಮೆಲ್ಲಗೆ ಕೇಳಿದೆ.

"ಯಾವ ಊರೋ ನಿಂದು?"

ಅವನು ನಲ್ಲಿ ನಿಲ್ಲಿಸಿದ. ಓಡುತ್ತಾನೆ ಅಂದುಕೊಂಡೆ.

"ಎಲ್ಚೆ," ಎಂದ. ಆ ಒಂದು ಪದದಲ್ಲೇ ಊರಿನ ಎಳೆತ ಇತ್ತು. "ನೀವು ಮೊಟ್ಟೆ ನೋಡಿದಾಗಲೇ ಗೊತ್ತಾಯ್ತು ಅಂತ ನಂಗೂ ಗೊತ್ತಾಯ್ತು."

"ಹೆಸರು?"

"ಬಾಸಿಲಿಯೊ. ಬಾಸಿಲಿಯೊ ಸೆಂಪೆರೆ."

"ತೋಳಿನ ಮೇಲಿನ ಕುರು?"

"ಸಿಗರೇಟಲ್ಲಿ ಸುಟ್ಟಿದ್ದು. ನೀವು ಅಂದ್ಕೊಂಡಿದ್ದು ಸರಿ."

ಇಷ್ಟು ಸಲೀಸಾಗಿ ಬಂದ ಉತ್ತರಕ್ಕೆ ನಾನು ಸಿದ್ಧಳಾಗಿರಲಿಲ್ಲ. ಫೆರ್ಮಿನ್‌ನ ಕಥೆ ಕೇಳುತ್ತ ನನ್ನ ಅಂಗಡಿಯಲ್ಲಿ ಕೂತಿದ್ದೆಯಲ್ಲೋ, ನಾಚಿಕೆ ಇಲ್ಲವೇ ಎಂದೆ.

"ಇತ್ತು. ಎದ್ದು ಹೋದ್ರೆ ಅರ್ಥ ಆಗಿದೆ ಅಂತ ಗೊತ್ತಾಗ್ತಿತ್ತು. ಅದಕ್ಕೆ ಕೂತಿದ್ದೆ." ಕೈ ಒರೆಸಿಕೊಂಡ. "ನನ್ನಪ್ಪ ನಿಮ್ಮವರೇ, ಕೆಂಪು ಬಾವುಟದವರು. ಜೈಲಲ್ಲಿದ್ರು, ಮರಣದಂಡನೆ ಆಗಿತ್ತು. ಮಗ ರಷ್ಯಾಕ್ಕೆ ಹೋದ್ರೆ ಅಪ್ಪನ ಶಿಕ್ಷೆ ಇಳಿಸ್ತೀವಿ ಅಂದ್ರು. ನಂಗೆ ಹದಿನೆಂಟು. ಹೋದೆ."

"ಬಿಟ್ರಾ?"

"ಬಿಡಲಿಲ್ಲ. ಕೊಲ್ಲಲೂ ಇಲ್ಲ. ಚಿಕ್ಕಮ್ಮ ಹೇಳಿ ಕಳಿಸ್ತಿದ್ಳು, ಚೆನ್ನಾಗಿದ್ದಾನೆ, ನಿನ್ನ ಕೇಳ್ತಾನೆ ಅಂತ. ನಲವತ್ಮೂರರ ಕೊನೇಲಿ ಎದೆ ರೋಗ ಬಂದು ಹೋದ್ರಂತೆ. ಎರಡು ವರ್ಷ. ಅಪ್ಪಂಗೆ ಎರಡು ವರ್ಷ ಸಂಪಾದಿಸಿ ಕೊಟ್ಟೆ. ಆ ಬಟ್ಟೆ ಹಾಕ್ಕೊಂಡು ನಾನು ಮಾಡಿದ್ರಲ್ಲಿ ಅದೊಂದೇ ಹೇಳ್ಕೊಳ್ಳೋ ಅಂಥದ್ದು."

"ಅಪ್ಪ ಸತ್ತ ಮೇಲೆ ಊರಿಗೆ ಹೋಗ್ಬೇಕಿತ್ತು. ಯಾಕೆ ಹೋಗ್ಲಿಲ್ಲ?"

"ಹೋಗೋಕೆ ಯಾರಿದ್ರು? ಅಷ್ಟೊತ್ತಿಗೆ ಅದೇ ಅಭ್ಯಾಸ ಆಗಿತ್ತು." ಲೋಟವನ್ನು ಪೀಪಾಯಿಯ ಮೇಲಿಟ್ಟ. "ಅದು ತಪ್ಪು. ಅದಕ್ಕೆ ನನ್ನ ಹತ್ರ ಬೇರೆ ಮಾತಿಲ್ಲ."

"ಆಂಪಾರೊಗೆ ಏನು ಸುಳ್ಳು ಹೇಳಿದ್ಯಾ?"

"ಅವಳಿಗೆ ಎಲ್ಲಾ ಗೊತ್ತು. ಮೊದಲನೇ ತಿಂಗಳೇ ಹೇಳಿದ್ದೆ."

ಹೊಡೆತ ಅಲ್ಲಿ ಬಿತ್ತು. ನನ್ನ ಮಗಳು, ಫೆರ್ಮಿನ್‌ನ ಮಗಳು, ಎಲ್ಲ ತಿಳಿದೂ ನನ್ನ ಎದುರು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳು. ಮನೆಗೆ ಬಂದವಳೇ ಅವಳನ್ನು ಹಿಡಿದು ಅಲುಗಾಡಿಸಿದೆ. ಅವಳು ಕಣ್ಣೀರು ಹಾಕಲಿಲ್ಲ. "ನೀನು ಅವನ ತೋಳು ನೋಡ್ದೆ ಅಮ್ಮ. ನಾನು ಕೇಳಿದೆ, ಅವನು ಹೇಳ್ದ," ಎಂದಳು.

ಅವನ ಕಥೆಯನ್ನು ನಾನು ನಂಬಲಿಲ್ಲ. ಆ ಬಟ್ಟೆ ತೊಟ್ಟವರೆಲ್ಲರಿಗೂ ಜೈಲಿನಲ್ಲಿ ಒಬ್ಬ ಅಪ್ಪ ಇರುತ್ತಾನೆ. ಒಬ್ಬನಾದರೂ ಮನಸಾರೆ ಹೋದೆ ಎಂದದ್ದನ್ನು ನಾನು ಕೇಳಿಲ್ಲ. ಅದಕ್ಕೇ ಅವನಿಗೆ ಷರತ್ತು ಹಾಕಿದೆ. ಮೊದಲು ನಿನ್ನ ಹೆಸರು ಪುರಸಭೆಯ ಬಾಗಿಲ ಮೇಲೆ ಬರಲಿ, ಊರು ಓದಲಿ, ಆಮೇಲೆ ನನ್ನ ಸಹಿಯ ಮಾತು. ಈ ಊರಲ್ಲಿ ಎಲ್ಚೆಯವರ ಹತ್ತಾರು ಮನೆಗಳಿವೆ, ನೀಲಿ ಅಂಗಿ ಹಾಕಿ ಹೋದವರ ಹೆಸರು ಅವರಿಗೆ ಬಾಯಿಪಾಠ. ಸುಳ್ಳಾದರೆ ಓಡುತ್ತಾನೆ ಎಂದು ನನ್ನ ಲೆಕ್ಕ. ಅವನು ಬಿಳಿಚಿಕೊಂಡ. ಆದರೆ ಮಾರನೇ ದಿನವೇ ಕರ್ನಲ್ ಮುಂದೆ ಹೋಗಿ ನಿಂತ. ಇಂಡೋಚೀನಾಕ್ಕೆ ಹೊರಡುವವನೆಂದು ಅರ್ಜಿ ಬೇಗನೆ ಪಾಸಾಯಿತು. ಮೇ ಮಧ್ಯದಲ್ಲಿ ಚೀಟಿ ಹಚ್ಚಿದರು.

ಆ ದಿನ ನಾನು ಅಂಗಡಿ ಮುಚ್ಚಿ ಪುರಸಭೆಯ ಮೆಟ್ಟಿಲ ಮೇಲೆ ಕೂತೆ. ಯಾರು ಏನನ್ನುತ್ತಾರೆ, ನನ್ನ ಕಿವಿಯಲ್ಲೇ ಕೇಳಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತು. ಜನ ಬಂದರು, ಓದಿದರು, ನನ್ನನ್ನು ನೋಡಿದರು, ಹೋದರು. ಫೆರ್ಮಿನ್ ಜೊತೆ ಅದೇ ಹಡಗಿನಲ್ಲಿ ಬಂದಿದ್ದ ಒಬ್ಬಾಕೆ ಚೀಟಿಯ ಮೇಲೆ ಉಗುಳಿದಳು. ಅವಳು ಅತ್ತ ಹೋದ ಮೇಲೆ ನಾನು ಅದನ್ನು ತೋಳಿನಿಂದ ಒರೆಸಿದೆ. ಯಾಕೆ ಒರೆಸಿದೆನೋ. ನನ್ನ ಮಗಳ ಹೆಸರೂ ಆ ಚೀಟಿಯಲ್ಲಿತ್ತಲ್ಲ.

ಕೊನೆಗೆ ಎವಾರಿಸ್ತೊ ಬಂದ. ಕನ್ನಡಕ ಹಾಕಿಕೊಂಡು ಬಾಗಿಲಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು ಓದಿದ. ಬೈಗುಳಕ್ಕೆ ಕಾದೆ.

"ಬ್ಲಾಸ್ ಸೆಂಪೆರೆ ಮಗ," ಎಂದ. "ಹಗ್ಗದ ಚಪ್ಪಲಿ ಹೊಲೀತಿದ್ದ ಬ್ಲಾಸ್."

"ನಿಂಗೆ ಗೊತ್ತಾ ಅವನು?"

"ಜೈಲಲ್ಲಿ ನನ್ನ ಚಾಪೆ ಪಕ್ಕ ಅವನ ಚಾಪೆ. ಬಂಗಾರದಂಥ ಮನುಷ್ಯ." ಮೆಟ್ಟಿಲ ಮೇಲೆ ನನ್ನ ಪಕ್ಕ ಕುಸಿದಂತೆ ಕೂತ. "ಮಗ ನೀಲಿಯವರ ಜೊತೆ ಹೋದ ಅಂತ ಆಮೇಲೆ ಕೇಳಿದ್ವಿ. ಥೂ ಅಂದ್ವಿ ಎಲ್ಲ. ಅಪ್ಪನ ಕೊಂದವರ ಬಟ್ಟೆ ಹಾಕಿದ್ನಲ್ಲ ಅಂತ."

ಅಂದರೆ ಜೈಲಿನ ಅಪ್ಪ ನಿಜ. ಹುಡುಗ ಸುಳ್ಳು ಹೇಳಿರಲಿಲ್ಲ. ತಿಂಗಳುಗಟ್ಟಲೆ ಎದೆಯ ಮೇಲೆ ಹೇರಿಕೊಂಡಿದ್ದ ಕಲ್ಲು ಇಳಿದಂತಾಯಿತು, ನಿಜ ಹೇಳುತ್ತೇನೆ, ಖುಷಿಯಾಯಿತು. "ಅಪ್ಪನ್ನ ಉಳಿಸೋಕೇ ಹೋಗಿದ್ದಂತೆ ಕಣೋ," ಎಂದೆ. "ಶಿಕ್ಷೆ ಇಳಿಸ್ತೀವಿ ಅಂದಿದ್ರಂತೆ. ಎರಡು ವರ್ಷ ಬದುಕಿದ್ದ ಆಮೇಲೆ, ಎದೆ ರೋಗ ಬಂತಂತೆ."

ಎವಾರಿಸ್ತೊ ನನ್ನನ್ನೇ ನೋಡಿದ.

"ಯಾರು ಹೇಳಿದ್ದು?"

"ಹುಡುಗನೇ. ಅವನ ಚಿಕ್ಕಮ್ಮ ತಿಳಿಸ್ತಿದ್ಳಂತೆ."

"ಬ್ಲಾಸ್‌ನ ನಲವತ್ತೊಂದರ ಮಾರ್ಚಲ್ಲಿ ಗೋಡೆಗೆ ನಿಲ್ಲಿಸಿದ್ರು ಕಸಿಲ್ದಾ. ಅವತ್ತು ಬೆಳಿಗ್ಗೆ ಅವನಿಗೆ ಗಡ್ಡ ಬೋಳಿಸಿದ್ದು ನಾನೇ. ಎದೆ ರೋಗ ಇರ್ಲಿಲ್ಲ, ಏನೂ ಇರ್ಲಿಲ್ಲ."

ನೀಲಿಯವರ ರೈಲು ಹೊರಟದ್ದು ಆ ವರ್ಷದ ಜುಲೈಯಲ್ಲಿ, ಇದು ಇಡೀ ಸ್ಪೇನಿಗೆ ಗೊತ್ತು. ಪಡೆಗೆ ಸೇರಿಸಿಕೊಂಡವರು ಸತ್ತವನನ್ನು ಬದುಕಿದ್ದಾನೆಂದು ನಂಬಿಸಿ ಮಗನನ್ನು ಕೊಂಡುಕೊಂಡಿದ್ದರು. ಎರಡು ಚಳಿಗಾಲ ಹಿಮದಲ್ಲಿ ಅವನು ಕಾದದ್ದು, ಕೊಂದದ್ದು, ಎಲ್ಲವೂ ಆಗಲೇ ಮಣ್ಣಾಗಿದ್ದ ಒಬ್ಬ ಚಪ್ಪಲಿ ಹೊಲಿಯುವವನಿಗಾಗಿ. ಚಿಕ್ಕಮ್ಮನಿಗೆ ಗೊತ್ತಿತ್ತು. ಹೇಳಲು ಬಾಯಿ ಬಂದಿರಲಿಲ್ಲ.

ಎವಾರಿಸ್ತೊ ಎದ್ದ. ಎಲ್ಲಿಗೆ ಎಂದೆ.

"ಅವನಿಗೆ ಹೇಳ್ತೀನಿ. ಹೇಳಲೇಬೇಕು. ಯಾರ ಬಟ್ಟೆ ಹಾಕಿದ್ದ, ಯಾವಾಗ ಹಾಕಿದ್ದ, ಗೊತ್ತಾಗ್ಲಿ."

"ಹೇಳ್ಬೇಡ."

"ನೀನು ಹೇಳ್ತಿದ್ದೀಯಾ ಇದನ್ನ? ನಿಜ ಬೇಕು, ನಿಜ ಬೇಕು ಅಂತ ಊರೆಲ್ಲ ಕುಣಿದವಳು ನೀನು."

"ಹೌದು. ಬೇಕಾಗಿದ್ದು ನಂಗೆ, ನಂಗೆ ಸಿಕ್ತು. ಅವನು ಮೂರು ವಾರದಲ್ಲಿ ಯುದ್ಧಕ್ಕೆ ಹೋಗ್ತಾನೆ. ಅಪ್ಪಂಗೆ ಕೊಟ್ಟೆ ಅಂದ್ಕೊಂಡಿರೋ ಎರಡು ವರ್ಷ, ಅವನ ಹತ್ರ ಇರೋದು ಅದೊಂದೇ ಎವಾರಿಸ್ತೊ. ಅದನ್ನೂ ಕಿತ್ಕೊಂಡು ಕಳಿಸ್ತೀಯಾ?"

"ಆ ಬಟ್ಟೆ ಹಾಕಿದವನ ಮೇಲೆ ನನಗೇನು ಕನಿಕರ?"

"ಕನಿಕರ ಬೇಡ. ಸುಮ್ನಿರು ಸಾಕು. ಬ್ಲಾಸ್‌ಗೋಸ್ಕರ."

ಅವನು ಚೀಟಿಯನ್ನು ಇನ್ನೊಮ್ಮೆ ಓದಿದ. ಮದುವೆಗೆ ಮಾತ್ರ ಬರುವುದಿಲ್ಲ ಎಂದು ಹೇಳಿ ಹೋದ. ಬರಬೇಡ ಎಂದೆ.

ಸಹಿ ಹಾಕಿದೆ. ಮದುವೆಯಾಯಿತು. ಪುರಸಭೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಓದಿದಾಗ ಅವನ ಜೊತೆ ಬಂದಿದ್ದ ಲೀಜನ್‌ನವರು ಅಪರಿಚಿತರಂತೆ ಅವನತ್ತ ನೋಡಿದರು, ಆಮೇಲೆ ಬೆನ್ನು ತಟ್ಟಿದರು. ನಮ್ಮ ಕಡೆಯವರಲ್ಲಿ ಬಂದವರು ಮೂರೇ ಜನ. ಮೊಲದ ಮಾಂಸ ಹಾಕಿ ಅನ್ನ ಮಾಡಿದ್ದೆ, ಹಿತ್ತಿಲಲ್ಲೇ ಮೇಜು ಹಾಕಿದ್ದೆವು. ಊಟದ ಮಧ್ಯೆ ಅವನು ತಟ್ಟೆ ಹಿಡಿದುಕೊಂಡು ಒಲೆಯ ಹತ್ತಿರ ಬಂದ. ಇನ್ನಷ್ಟು ಬಡಿಸಲೇ ಎಂದೆ. ಬೇಡ ಎಂದು ತಲೆಯಾಡಿಸಿದ.

"ಎವಾರಿಸ್ತೊ ಚೀಟಿ ಓದಿದ್ರಂತೆ. ಅವರು ಅಪ್ಪ ಇದ್ದ ಜೈಲಲ್ಲೇ ಇದ್ದಿದ್ದು ಅಂತ ಆಂಪಾರೊ ಅಂದ್ಳು." ದನಿ ತಗ್ಗಿಸಿದ. "ಅಪ್ಪನ್ನ ನೋಡಿದ್ರಾ ಅವರು?"

ಸೌಟು ನನ್ನ ಕೈಯಲ್ಲೇ ಇತ್ತು. "ನೋಡಿದ್ನಂತೆ," ಎಂದೆ.

"ಯಾವಾಗ?"

"ನಲವತ್ತೆರಡರಲ್ಲಿ. ಬೇಸಿಗೆ ಇರ್ಬೇಕು. ಚೆನ್ನಾಗೇ ಇದ್ರಂತೆ."

"ನನ್ನ ವಿಷಯ ಏನಾದ್ರೂ ಅಂದಿದ್ರಾ?"

ಹುಟ್ಟಿದಾಗಿನಿಂದ ಬೇರೆಯವರ ಸುಳ್ಳು ಹಿಡಿದೇ ಬದುಕಿದವಳು ನಾನು. ಸುಳ್ಳು ಹೇಳುವವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ಕಣ್ಣು ತಪ್ಪಿಸುತ್ತಾರೆ, ನನಗೆ ಗೊತ್ತು. ತಡವರಿಸಲಿಲ್ಲ. ಅವನ ಕಣ್ಣಲ್ಲೇ ಕಣ್ಣಿಟ್ಟು ಹೇಳಿದೆ.

"ನನ್ನ ಮಗ ಚಳಿ ತಡೆಯಲ್ಲ, ಅಲ್ಲಿ ಯಾರಾದ್ರೂ ಅವನಿಗೆ ಉಣ್ಣೆ ಕಾಲುಚೀಲ ಕೊಟ್ಟಿದ್ದಾರೋ ಇಲ್ವೋ ಅಂತಿದ್ರಂತೆ. ದಿನಾ ಅದೇ ಮಾತಂತೆ."

ಅವನು ತಟ್ಟೆಯನ್ನು ಒಲೆಯ ಕಟ್ಟೆಯ ಮೇಲಿಟ್ಟು ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಒಂದಿಷ್ಟು ಹೊತ್ತಾದ ಮೇಲೆ ಕೈ ತೆಗೆದು, "ಹೌದು, ಅಪ್ಪ ಹಾಗೇ," ಎಂದ. ಮತ್ತೇನೂ ಕೇಳಲಿಲ್ಲ. ನನ್ನ ಮಾತಿನ ಮೇಲೆ ಅವನಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ.